ಜಮ್‌ಜಮ್ ಜೊತೆ ಮನೆಗೆ ಏನು ಬರುತ್ತದೆ

(ಕೋಲಾರದಲ್ಲಿ ಹಜ್‌ಗೂ, ವರ್ಷದ ಬೇರೆ ದಿನಗಳಲ್ಲಿ ಮಕ್ಕಾಗೆ ಮಾಡುವ ಉಮ್ರಾ ಯಾತ್ರೆಗೂ ಹೊರಟವರ ಮುಂದೆ ಆಡಿದ ಮಾತುಗಳ ಬರಹ ರೂಪ. ಅರ್ಧ ಕನ್ನಡದಲ್ಲಿ, ಅರ್ಧ ನಮ್ಮ ಕಡೆಯ ಉರ್ದುವಾದ ದಖನಿಯಲ್ಲಿ ಮಾತಾಡಿದ್ದೆ. ಇಲ್ಲಿ ಎಲ್ಲವನ್ನೂ ಕನ್ನಡಕ್ಕೆ ತಂದಿದ್ದೇನೆ.)

ಅಸ್ಸಲಾಮು ಅಲೈಕುಮ್. ಎಲ್ಲರಿಗೂ ನಮಸ್ಕಾರ.

ಆರೋಗ್ಯ ಇಲಾಖೆಯ ಕೆಲಸದಲ್ಲಿದ್ದಾಗ ಈ ಜಿಲ್ಲೆಯ ಹಜ್ ಲಸಿಕಾ ಶಿಬಿರಗಳಲ್ಲಿ ನನಗೊಂದು ಅಭ್ಯಾಸವಿತ್ತು. ಸೂಜಿ ಹಾಕಿಸಿಕೊಂಡು, ತೋಳು ಒತ್ತಿಕೊಂಡು ಹೊರಗೆ ಬರುವವರನ್ನು ಬಾಗಿಲ ಹತ್ತಿರ ನಿಲ್ಲಿಸಿ, "ಇದು ಯಾವ ಕಾಯಿಲೆಗೆ ಹಾಕಿದ್ದು?" ಎಂದು ಕೇಳುತ್ತಿದ್ದೆ. "ಹಜ್ ಕಾ ಟೀಕಾ", ಹಜ್‌ನ ಲಸಿಕೆ, ಎನ್ನುತ್ತಿದ್ದರು ಹೆಚ್ಚಿನವರು. "ವೀಸಾಗೆ ಬೇಕಂತೆ" ಎನ್ನುವವರಿದ್ದರು. ಕೊರೋನಾ ಬಂದುಹೋದ ಮೇಲೆ "ಅದೇ, ಕೊರೋನಾದ್ದು" ಎನ್ನುವವರೂ ಸೇರಿಕೊಂಡರು. ಕಾಯಿಲೆಯ ಹೆಸರು ಹೇಳಿದವರು ತೀರಾ ಕಡಿಮೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಹೇಳಬೇಕಾದವರು ನಾವು, ನಾವೇ ಹೇಳಿರಲಿಲ್ಲ. ಸಾಲು ಉದ್ದ ಇರುತ್ತಿತ್ತು, ಪುಸ್ತಕದಲ್ಲಿ ಹೆಸರು ಬರೆಯಬೇಕಿತ್ತು, ಚೀಟಿಗೆ ಮೊಹರು ಒತ್ತಬೇಕಿತ್ತು. ಸೂಜಿ ಹೀಗೆ ಒಂದು ಕಾಗದವಾಗಿಬಿಟ್ಟಿತು. ನಾನಿವತ್ತು ಬಂದಿರುವುದು ಆ ಕಾಗದದ ಹಿಂದೆ ಇರುವ ಕಾಯಿಲೆಯ ಬಗ್ಗೆ ಮಾತಾಡುವುದಕ್ಕೆ.

ಆ ಕಾಯಿಲೆಯ ಹೆಸರು ಮೆನಿಂಜೈಟಿಸ್. ಮಿದುಳನ್ನು ಸುತ್ತಿರುವ ಪೊರೆ ಊದಿಕೊಳ್ಳುತ್ತದೆ. ಜೋರು ಜ್ವರ, ತಲೆ ಸಿಡಿಯುವ ನೋವು, ವಾಂತಿ. ಕತ್ತು ಎಷ್ಟು ಬಿಗಿಯುತ್ತದೆ ಎಂದರೆ ಗದ್ದವನ್ನು ಎದೆಗೆ ತಾಗಿಸಲು ಆಗುವುದಿಲ್ಲ. ನಮ್ಮ ಹಿರಿಯರು ಉರ್ದುವಿನಲ್ಲಿ ಇದಕ್ಕೆ ಇಟ್ಟ ಹೆಸರು "ಗರ್ದನ್ ತೋಡ್ ಬುಖಾರ್", ಕತ್ತು ಮುರಿಯುವ ಜ್ವರ. ಇದಕ್ಕಿಂತ ಸರಿಯಾದ ಹೆಸರನ್ನು ಯಾವ ವೈದ್ಯರೂ ಇಡಲಾರರು.

ಕನ್ನಡದಲ್ಲಿ ಹೇಳುವಾಗ ಮಾತ್ರ ಕೋಲಾರದಲ್ಲಿ ಒಂದು ತೊಡಕಿದೆ. "ಮಿದುಳು ಜ್ವರದ ಲಸಿಕೆ" ಎಂದರೆ ಇಲ್ಲಿನ ತಾಯಂದಿರು ತಕ್ಷಣ "ಅದು ನಮ್ಮ ಮಕ್ಕಳಿಗೆ ಆಗಿದೆ" ಎನ್ನುತ್ತಾರೆ. ಅವರು ಹೇಳುವುದೂ ನಿಜ. ಆದರೆ ಅದು ಜಪಾನೀಸ್ ಎನ್ಸೆಫಲೈಟಿಸ್ ಲಸಿಕೆ. ಗದ್ದೆ, ಕೆರೆ ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ ಹಂದಿಗಳಿಂದಲೂ ನೀರುಹಕ್ಕಿಗಳಿಂದಲೂ ವೈರಸ್ ಹೊತ್ತು ತರುವ ಕಾಯಿಲೆ ಅದು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಅದರ ಕಾಟ ಹಳೆಯದು, ಹಾಗಾಗಿ ಆ ಹೆಸರು ಇಲ್ಲಿನವರ ಮನಸ್ಸಿನಲ್ಲಿ ಆಳವಾಗಿ ಕೂತಿದೆ. ಹಜ್ ಯಾತ್ರಿಗೆ ಹಾಕುವುದು ಬೇರೆ. ಇದು ಮೆನಿಂಗೊಕಾಕಸ್ ಎಂಬ ಬ್ಯಾಕ್ಟೀರಿಯಾದ ವಿರುದ್ಧ. ಇದಕ್ಕೆ ಸೊಳ್ಳೆ ಬೇಡ, ಹಂದಿ ಬೇಡ, ಮನುಷ್ಯನ ಗಂಟಲು ಸಾಕು. ಒಂದರ ಲಸಿಕೆ ಇನ್ನೊಂದನ್ನು ತಡೆಯುವುದಿಲ್ಲ. ಎರಡಕ್ಕೂ ಒಂದೇ ಹೆಸರು ಹೇಳಿಕೊಂಡು ನಾವು ಜನರನ್ನು ಗೊಂದಲಕ್ಕೆ ನೂಕಿದ್ದೇವೆ. ಆದ್ದರಿಂದ ಇವತ್ತು ನಾನು ಗರ್ದನ್ ತೋಡ್ ಬುಖಾರ್ ಎಂದೇ ಹೇಳುತ್ತೇನೆ.

ಈ ಬ್ಯಾಕ್ಟೀರಿಯಾದ ಸ್ವಭಾವ ಅರ್ಥವಾದರೆ ಉಳಿದದ್ದೆಲ್ಲ ಅರ್ಥವಾಗುತ್ತದೆ. ಆರೋಗ್ಯವಂತರ ಮೂಗು ಗಂಟಲಿನ ಹಿಂಭಾಗದಲ್ಲಿ ಅದು ಸುಮ್ಮನೆ ಕೂತಿರುತ್ತದೆ. ಸಾಧಾರಣ ಕಾಲದಲ್ಲೂ ಸುಮಾರು ಹತ್ತು ಜನ ವಯಸ್ಕರಲ್ಲಿ ಒಬ್ಬರ ಗಂಟಲಲ್ಲಿ ಇರಬಹುದು. ಅವರಿಗೆ ಜ್ವರವಿಲ್ಲ, ಕೆಮ್ಮಿಲ್ಲ, ಗೊತ್ತೇ ಇರುವುದಿಲ್ಲ. ಅದು ಗಂಟಲಿನಿಂದ ರಕ್ತಕ್ಕೆ ಇಳಿಯುವುದು ಕೆಲವರಲ್ಲಿ ಮಾತ್ರ. ಇಳಿದರೆ ಗಂಟೆಗಳ ಲೆಕ್ಕ. ಬೆಳಗ್ಗೆ ಚಹಾ ಕುಡಿದವರು ರಾತ್ರಿಗೆ ಪ್ರಜ್ಞೆ ತಪ್ಪಿರಬಹುದು. ಒಳ್ಳೆಯ ಚಿಕಿತ್ಸೆ ಸಿಕ್ಕರೂ ನೂರರಲ್ಲಿ 10ರಿಂದ 15 ಮಂದಿ ಉಳಿಯುವುದಿಲ್ಲ. ಉಳಿದವರಲ್ಲೂ ಕೆಲವರಿಗೆ ಕಿವುಡುತನ, ಕೆಲವರಿಗೆ ಕೈಕಾಲು ಕಳೆದುಕೊಳ್ಳುವ ಗತಿ.

ಈಗ ಹಜ್ ಯಾತ್ರಿಗಳು ಡೇರೆಗಳಲ್ಲಿ ತಂಗುವ ಮಿನಾವನ್ನು ನೆನೆದುಕೊಳ್ಳಿ. 2023ರಲ್ಲಿ 18 ಲಕ್ಷಕ್ಕಿಂತ ಹೆಚ್ಚು ಜನ ಹಜ್ ಮಾಡಿದರು. ಭಾರತಕ್ಕೆ ಸಿಗುವ ಕೋಟಾ ಒಂದೇ 1,75,025. ಒಂದು ಡೇರೆಯಲ್ಲಿ ಹಾಸಿಗೆಗೆ ಹಾಸಿಗೆ ತಾಗಿಸಿ ಮಲಗುತ್ತೀರಿ. ಮುಜ್ದಲಿಫಾದಲ್ಲಿ ಬಯಲಲ್ಲೇ ರಾತ್ರಿ. ಕಾಬಾ ಸುತ್ತುವ ತವಾಫಿನಲ್ಲಿ ನಿಮ್ಮ ಭುಜಕ್ಕೆ ನೈಜೀರಿಯಾದವರ ಭುಜ, ಬೆನ್ನಿಗೆ ಇಂಡೋನೇಷ್ಯಾದವರ ಉಸಿರು. ಆ ಸಮಾನತೆಗಾಗಿಯೇ ಅಲ್ಲವೇ ಅಲ್ಲಿಗೆ ಹೋಗುವುದು? ಅಷ್ಟು ಹತ್ತಿರದಲ್ಲಿ ಗಂಟಲಿನಿಂದ ಗಂಟಲಿಗೆ ದಾಟುವುದು ಈ ಬ್ಯಾಕ್ಟೀರಿಯಾಗೆ ಕಷ್ಟವಲ್ಲ.

1987ರ ಹಜ್‌ನಲ್ಲಿ ಹಾಗೆಯೇ ಆಯಿತು. ಎ ಗುಂಪಿನ ಮೆನಿಂಗೊಕಾಕಸ್ ಹರಡಿತು. ಅದಾದ ಮೇಲೆ ಸೌದಿ ಸರಕಾರ ಲಸಿಕೆಯನ್ನು ಕಡ್ಡಾಯ ಮಾಡಿತು. ಆಗಿನದು ಎ ಮತ್ತು ಸಿ ಗುಂಪುಗಳಿಗೆ ಮಾತ್ರ ಕೆಲಸ ಮಾಡುವ ಲಸಿಕೆ. 2000 ಮತ್ತು 2001ರಲ್ಲಿ ಮತ್ತೆ ಹಾವಳಿ ಎದ್ದಿತು. ಈ ಸಲ ಬಂದದ್ದು ಡಬ್ಲ್ಯು-135 ಎಂಬ ಬೇರೆ ಗುಂಪು, ಹಳೆಯ ಲಸಿಕೆಗೆ ಅದರ ಗುರುತೇ ಇರಲಿಲ್ಲ. 2002ರಿಂದ ಎ, ಸಿ, ವೈ, ಡಬ್ಲ್ಯು-135 ನಾಲ್ಕಕ್ಕೂ ಆಗುವ ಲಸಿಕೆ ಕಡ್ಡಾಯವಾಯಿತು. ನಿಮ್ಮ ತೋಳಿಗೆ ಬೀಳುವುದು ಅದೇ.

2000ದ ಆ ಹಾವಳಿಯಲ್ಲಿ ನನ್ನ ಮನಸ್ಸಿನಲ್ಲಿ ಉಳಿದ ಒಂದು ಸಂಗತಿಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಕಾಯಿಲೆ ಬಿದ್ದವರು ಹಾಜಿಗಳು ಮಾತ್ರ ಅಲ್ಲ. ಬ್ರಿಟನ್ನಿನಲ್ಲಿ, ಫ್ರಾನ್ಸಿನಲ್ಲಿ ಹಜ್‌ಗೆ ಹೋಗದೇ ಇದ್ದವರೂ ಬಿದ್ದರು. ಅವರಲ್ಲಿ ಅನೇಕರು ಹಾಜಿಯ ಮನೆಯವರು. ಹಾಜಿ ಸಾಹೇಬರು ಗಟ್ಟಿಮುಟ್ಟಾಗಿ ವಾಪಸ್ ಬಂದಿದ್ದರು, ಗಂಟಲಲ್ಲಿ ಬ್ಯಾಕ್ಟೀರಿಯಾ ಹೊತ್ತು ತಂದಿದ್ದರು. ಸಿಂಗಾಪುರದ ವೈದ್ಯರು 2001ರಲ್ಲಿ ಹಜ್ ಮುಗಿಸಿ ಬಂದವರ ಗಂಟಲು ಪರೀಕ್ಷಿಸಿದಾಗ, ಲಸಿಕೆ ಪಡೆದವರಲ್ಲೂ ಒಂದು ಪಾಲಿನವರು ಡಬ್ಲ್ಯು-135 ಹೊತ್ತು ಬಂದಿದ್ದರು. ಅದು ಕೆಲವರ ಮನೆಮಂದಿಗೂ ದಾಟಿತ್ತು.

ಇಲ್ಲಿ ನಿಮ್ಮಿಂದ ಮುಚ್ಚಿಡಬಾರದ ಮಾತೊಂದಿದೆ. ಈ ಲಸಿಕೆಯಲ್ಲಿ ಎರಡು ಬಗೆ. ಹಳೆಯದು ಪಾಲಿಸ್ಯಾಕರೈಡ್, ಹೊಸದು ಕಾಂಜುಗೇಟ್. ಹಳೆಯದು ನಿಮ್ಮನ್ನು ಕಾಪಾಡುತ್ತದೆ, ಆದರೆ ಗಂಟಲಲ್ಲಿ ಕೂತ ಬ್ಯಾಕ್ಟೀರಿಯಾವನ್ನು ಹೆಚ್ಚು ತಡೆಯುವುದಿಲ್ಲ. ಅದರ ಚೀಟಿಗೆ ಸೌದಿಯಲ್ಲಿ 3 ವರ್ಷ ಬೆಲೆ. ಕಾಂಜುಗೇಟ್ ಗಂಟಲಿನ ಸೋಂಕನ್ನೂ ತಗ್ಗಿಸುತ್ತದೆ, ಚೀಟಿಗೆ 5 ವರ್ಷ. ಚೀಟಿಯಲ್ಲಿ ಬಗೆ ಬರೆಯದಿದ್ದರೆ ಬರೆಸಿಕೊಳ್ಳಿ. ಯಾವುದು ಹಾಕುತ್ತಿದ್ದೀರಿ ಎಂದು ನರ್ಸ್ ಅಮ್ಮನನ್ನು ಕೇಳುವುದು ಮರ್ಯಾದೆಗೆಟ್ಟ ಕೆಲಸವಲ್ಲ. ಅದು ನಿಮ್ಮ ಹಕ್ಕು.

ಇನ್ನು ಉಮ್ರಾಗೆ ಹೋಗುವವರು. ನನಗೆ ಹೆಚ್ಚು ಚಿಂತೆ ಇವರದೇ.

ಹಜ್ ಕಮಿಟಿಯ ಮೂಲಕ ಹೋಗುವವರಿಗೆ ಶಿಬಿರ ಇದೆ, ತರಬೇತಿ ಇದೆ, ಪಟ್ಟಿಯಲ್ಲಿ ಹೆಸರಿದೆ. ಮೆನಿಂಜೈಟಿಸ್ ಲಸಿಕೆ, ಪೋಲಿಯೋ ಹನಿ, ವಯಸ್ಸಾದವರಿಗೆ ಫ್ಲೂ ಲಸಿಕೆ ಕೊಟ್ಟೇ ಕಳಿಸುತ್ತಾರೆ. ಉಮ್ರಾ ಹಾಗಲ್ಲ. ಶ್ರೀನಿವಾಸಪುರದಲ್ಲಿ ಮಾವಿನ ಫಸಲು ಚೆನ್ನಾಗಿ ಬಂತು, ಇಲ್ಲಿ ಟೊಮೆಟೊಗೆ ಬೆಲೆ ಸಿಕ್ಕಿತು, ಅಮ್ಮನನ್ನು ಕರೆದುಕೊಂಡು ಒಂದು ಸಲ ಹೋಗಿಬರೋಣ ಎಂದು ಮಗ ಹೇಳುತ್ತಾನೆ. ಏಜೆಂಟ್ ಹದಿನೈದು ದಿನದ ಪ್ಯಾಕೇಜ್ ಹೇಳುತ್ತಾನೆ. ಮುಂದಿನ ವಾರ ದೇವನಹಳ್ಳಿಯಿಂದ ವಿಮಾನ. ಲಸಿಕೆಯ ಮಾತು ಯಾರೂ ಎತ್ತುವುದಿಲ್ಲ. ಸೌದಿಯ ನಿಯಮದಲ್ಲಿ ಉಮ್ರಾಗೂ ಈ ಲಸಿಕೆ ಇದೆ, ಒಂದು ವರ್ಷ ದಾಟಿದ ಮಗುವಿಗೂ ಇದೆ. ಆದರೆ ಉಮ್ರಾ ಯಾತ್ರಿಯ ಚೀಟಿಯನ್ನು ಯಾವಾಗಲೂ ಕಟ್ಟುನಿಟ್ಟಾಗಿ ಕೇಳುವುದಿಲ್ಲ. ಕೇಳುವುದಿಲ್ಲ ಎಂದಮೇಲೆ ಬೇಡ ಎಂದು ಜನ ತೀರ್ಮಾನಿಸುತ್ತಾರೆ.

2024ರ ಏಪ್ರಿಲ್, ಮೇ ತಿಂಗಳಲ್ಲಿ ಅಮೆರಿಕ, ಬ್ರಿಟನ್, ಫ್ರಾನ್ಸ್ ಮೂರು ದೇಶಗಳಲ್ಲಿ ಒಟ್ಟು 12 ಮಂದಿಗೆ ಗರ್ದನ್ ತೋಡ್ ಬುಖಾರಿನ ಬ್ಯಾಕ್ಟೀರಿಯಾ ತಗುಲಿತು. ಎಲ್ಲವೂ ಉಮ್ರಾ ಯಾತ್ರೆಗೆ ಸಂಬಂಧಿಸಿದವು: ಹತ್ತು ಮಂದಿ ಹೋಗಿ ಬಂದವರು, ಇಬ್ಬರು ಹೋಗಿ ಬಂದವರ ಹತ್ತಿರದವರು. ಒಂಬತ್ತು ಮಂದಿ ಲಸಿಕೆ ಹಾಕಿಸಿಕೊಂಡಿರಲಿಲ್ಲ. ಉಳಿದ ಮೂವರ ವಿವರ ಸಿಗಲಿಲ್ಲ. ಲಸಿಕೆ ಹಾಕಿಸಿಕೊಂಡವರು ಎಂದು ಖಾತ್ರಿಯಾದ ಒಬ್ಬರೂ ಆ ಪಟ್ಟಿಯಲ್ಲಿ ಇರಲಿಲ್ಲ.

ಲಸಿಕೆ ಕೆಲಸ ಶುರುಮಾಡಲು ಸಮಯ ಬೇಕು, ಅದಕ್ಕೇ ಅಲ್ಲಿ ಇಳಿಯುವ ಕನಿಷ್ಠ 10 ದಿನ ಮೊದಲು ಹಾಕಿಸಿಕೊಳ್ಳಬೇಕು ಎಂಬ ನಿಯಮ. ಟಿಕೆಟ್ ಕೈಗೆ ಬಂದಮೇಲೆ ಯೋಚಿಸಿದರೆ ತಡ. ಖಾಸಗಿಯಾಗಿ ಹಾಕಿಸಿಕೊಂಡರೆ ಕೆಲವು ಸಾವಿರ ರೂಪಾಯಿ ಖರ್ಚಾಗುತ್ತದೆ, ಅದು ಸಣ್ಣ ಮೊತ್ತವಲ್ಲ ಎಂದು ನನಗೆ ಗೊತ್ತು. ಆದರೆ ಪ್ಯಾಕೇಜಿನ ಲೆಕ್ಕ ಹಾಕುವಾಗಲೇ ಅದನ್ನೂ ಸೇರಿಸಿ. ನನ್ನ ಪಕ್ಕದ ಬೀದಿಯ ಒಂದು ಕುಟುಂಬಕ್ಕೆ ಅವರ ಏಜೆಂಟ್ ಸೂಜಿಯಿಲ್ಲದೆ ಚೀಟಿ ಮಾಡಿಸಿಕೊಡುತ್ತೇನೆ ಎಂದಿದ್ದ. ಅವರು ಅದನ್ನು ಉಪಕಾರ ಎಂದುಕೊಂಡು ನನಗೆ ಖುಷಿಯಿಂದಲೇ ಹೇಳಿದರು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಲ್ಲಾಹನ ಮನೆಗೆ ಹೊರಟವರು ಕೈಯಲ್ಲಿ ಸುಳ್ಳಿನ ಕಾಗದ ಹಿಡಿದು ಹೋಗಬೇಕೇ? ಏಜೆಂಟ್ ಅಣ್ಣಂದಿರು ಈ ಸಭೆಯಲ್ಲೂ ಇದ್ದೀರಿ. ಆಸ್ಟ್ರೇಲಿಯಾದ ಹಜ್ ಯಾತ್ರಿಗಳ ಮೇಲೆ ನಡೆದ ಅಧ್ಯಯನಗಳು ಹೇಳುವುದೇನೆಂದರೆ, ಜನ ಲಸಿಕೆ ಹಾಕಿಸಿಕೊಳ್ಳುವಂತೆ ಮಾಡುವುದರಲ್ಲಿ ಟೂರ್ ನಡೆಸುವವರ ಮಾತಿಗೆ ದೊಡ್ಡ ಪಾಲಿದೆ. ನಮ್ಮ ಕರಪತ್ರವನ್ನು ಜನ ಓದಲಿ ಬಿಡಲಿ, ನಿಮ್ಮ ಒಂದು ಮಾತನ್ನು ಕೇಳುತ್ತಾರೆ. ದಯವಿಟ್ಟು ಆ ಮಾತು ಹೇಳಿ.

ಈಗ ಮನಸ್ಸಿನ ಒಳಗಿನ ಮಾತುಗಳಿಗೆ ಬರೋಣ. "ಅಲ್ಲಾಹನ ಮನೆಗೆ ಹೋಗುತ್ತಿದ್ದೇವೆ, ಅಲ್ಲಿ ಏನಾಗುತ್ತದೆ? ಆದರೂ ಅಲ್ಲೇ ಮಣ್ಣಾದರೆ ಅದಕ್ಕಿಂತ ಭಾಗ್ಯ ಉಂಟಾ?" ಎಂದು ವಯಸ್ಸಾದವರು ಎಷ್ಟೋ ಸಲ ನನಗೆ ಹೇಳಿದ್ದಾರೆ. ನಾನು ಆ ಮಾತನ್ನು ಹಗುರವಾಗಿ ತೆಗೆದುಕೊಳ್ಳುವವಳಲ್ಲ. ನಮ್ಮ ದಾದಾ, ಅಂದರೆ ಅಪ್ಪನ ಅಪ್ಪ, ಹಡಗಿನಲ್ಲಿ ಹೋದವರು. ಮುಂಬಯಿಯಲ್ಲಿ ಯಾತ್ರಿಗಳು ತಂಗುವ ಮುಸಾಫಿರ್‌ಖಾನೆಯಲ್ಲಿ ದಿನಗಟ್ಟಲೆ ಕಾದು, ಮೊಗಲ್ ಲೈನ್ ಹಡಗು ಹತ್ತುವಾಗ ಶವಕ್ಕೆ ಹೊದಿಸುವ ಕಫನ್ ಬಟ್ಟೆಯನ್ನು ಗಂಟಿನಲ್ಲಿ ಇಟ್ಟುಕೊಂಡೇ ಹೊರಟವರು. ಮನೆಯವರಿಂದ, ಬೀದಿಯವರಿಂದ ಕ್ಷಮೆ ಕೇಳಿ, ಸಾಲ ತೀರಿಸಿ ಹೋಗಿದ್ದರು. ಅದೇ ಗಂಟಿನಲ್ಲಿ ಸಿಡುಬಿನ ಲಸಿಕೆಯ, ಕಾಲರಾ ಲಸಿಕೆಯ ಚೀಟಿಗಳೂ ಇದ್ದವು. ನಾನು ಚಿಕ್ಕವಳಿದ್ದಾಗ ಅದನ್ನು ಬಿಚ್ಚಿ ನೋಡಿದ್ದೇನೆ. ಸಾಯಲು ತಯಾರಾಗಿದ್ದ ಮನುಷ್ಯ ಲಸಿಕೆಯನ್ನೂ ಹಾಕಿಸಿಕೊಂಡಿದ್ದ. ಅವರಿಗೆ ಎರಡರ ನಡುವೆ ಜಗಳ ಕಾಣಿಸಿರಲಿಲ್ಲ.

ಆ ಕಾಲದವರಿಗೆ ಕಾಲರಾ ಏನೆಂದು ಗೊತ್ತಿತ್ತು. 1865ರ ಹಜ್‌ನಲ್ಲಿ ಸುಮಾರು 15,000 ಯಾತ್ರಿಗಳು ಕಾಲರಾದಿಂದ ಸತ್ತರು ಎಂಬುದು ಆಗಿನ ಅಂದಾಜು. ಯಾತ್ರಿಗಳ ಜೊತೆ ಅದು ಈಜಿಪ್ಟಿಗೆ, ಅಲ್ಲಿಂದ ಯೂರೋಪಿಗೆ ಹೋಯಿತು. ಮರುವರ್ಷ ಕಾನ್ಸ್ಟಾಂಟಿನೋಪಲ್‌ನಲ್ಲಿ ದೇಶದೇಶಗಳ ವೈದ್ಯರು ಸಭೆ ಸೇರಿದರು. ಭಾರತದ ಕಡೆಯಿಂದ ಹೋಗುವ ಹಡಗುಗಳನ್ನು ಕೆಂಪು ಸಮುದ್ರದ ಕಮರಾನ್ ದ್ವೀಪದಲ್ಲಿ ತಡೆದು ಕ್ವಾರಂಟೈನಿನಲ್ಲಿ ಇಡುವ ಪದ್ಧತಿ ಬಂತು. 1905ರಲ್ಲಿ ಸಿನಾಯ್‌ನ ಎಲ್ ಟೋರ್ ಕ್ವಾರಂಟೈನ್ ಠಾಣೆಯಲ್ಲಿ ಸತ್ತ, ಮಕ್ಕಾದಿಂದ ಮರಳುತ್ತಿದ್ದ ಯಾತ್ರಿಗಳ ದೇಹದಲ್ಲಿ ಕಾಲರಾದ ಒಂದು ತಳಿ ಸಿಕ್ಕಿತು. ಅವರಿಗೆ ಕಾಲರಾದ ಲಕ್ಷಣವೇ ಇರಲಿಲ್ಲ. 1961ರಿಂದ ಜಗತ್ತಿನಲ್ಲಿ ಹರಡಿದ ಕಾಲರಾ ಅದೇ ತಳಿ, ಇವತ್ತಿಗೂ ಅದರ ಹೆಸರು ಎಲ್ ಟೋರ್. ಮನೆ ತಲುಪದ ಆ ಹಾಜಿಗಳ ಹೆಸರು ಯಾವ ಪುಸ್ತಕದಲ್ಲೂ ನಾನು ಕಂಡಿಲ್ಲ. ತಾವು ಏನನ್ನು ಹೊತ್ತಿದ್ದೇವೆಂದು ಅವರಿಗೂ ತಿಳಿದಿರಲಿಲ್ಲ.

ಅಲ್ಲೇ ಮಣ್ಣಾಗಬೇಕೆಂದು ಬಯಸುವ ಹಿರಿಯರಿಗೆ ನಾನು ಹೇಳುವುದು ಇಷ್ಟೇ: ಆ ಆಸೆ ನಿಮ್ಮದು, ನಿಮ್ಮ ಮತ್ತು ಅಲ್ಲಾಹನ ನಡುವಿನದು. ಆದರೆ ಹೋದವರಲ್ಲಿ ಹೆಚ್ಚಿನವರು ವಾಪಸ್ ಬರುತ್ತೀರಿ. ಮಕ್ಕಾದ ಜಮ್‌ಜಮ್ ಬಾವಿಯ ನೀರಿನ ಕ್ಯಾನ್, ಖಜೂರದ ಡಬ್ಬಿ ಜೊತೆ ಬರುತ್ತೀರಿ. ಬಾಗಿಲಲ್ಲಿ ಮೊಮ್ಮಗು ಕಾದಿರುತ್ತದೆ. ಆ ಮಗು ಯಾವ ಆಸೆಯನ್ನೂ ಹೇಳಿಕೊಂಡಿಲ್ಲ.

ವಿಧಿಯ ಮಾತು ಬಂದಾಗ ಎರಡನೇ ಖಲೀಫ ಹಜ್ರತ್ ಉಮರ್ ಅವರ ಪ್ರಸಂಗ ಮೌಲಾನಾ ಅವರು ನನಗಿಂತ ಚೆನ್ನಾಗಿ ಹೇಳಬಲ್ಲರು, ಆದರೂ ಹೇಳುತ್ತೇನೆ. ಶಾಮ್ ದೇಶಕ್ಕೆ, ಅಂದರೆ ಈಗಿನ ಸಿರಿಯಾ ಕಡೆಗೆ, ಹೊರಟಿದ್ದ ಅವರು ಸರ್ಗ್ ಎಂಬಲ್ಲಿ ನಿಂತರು. ಮುಂದೆ ಪ್ಲೇಗ್ ಇದೆ ಎಂಬ ಸುದ್ದಿ. ಅವರು ಹಿಂದಿರುಗಲು ತೀರ್ಮಾನಿಸಿದರು. "ಅಲ್ಲಾಹನ ವಿಧಿಯಿಂದ ಓಡುತ್ತಿದ್ದೀರಾ?" ಎಂದು ಅವರ ಸೇನಾನಿ ಅಬೂ ಉಬೈದಾ ಕೇಳಿದರು. "ಹೌದು, ಅಲ್ಲಾಹನ ವಿಧಿಯಿಂದ ಅಲ್ಲಾಹನ ವಿಧಿಯ ಕಡೆಗೇ ಓಡುತ್ತಿದ್ದೇವೆ" ಎಂದರು ಉಮರ್. ಒಂದು ಕಣಿವೆಯ ಒಂದು ಬದಿ ಹಸಿರು, ಇನ್ನೊಂದು ಬದಿ ಬರಡು. ನಿನ್ನ ಒಂಟೆಗಳನ್ನು ಎಲ್ಲಿ ಮೇಯಿಸಿದರೂ ಅದು ಅಲ್ಲಾಹನ ವಿಧಿಯೇ ಅಲ್ಲವೇ ಎಂದು ಕೇಳಿದರು. ಬರಗಾಲ ಕಂಡ ಈ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕುರಿ ಕಾಯುವ ಹುಡುಗನೂ ಹಸಿರಿನ ಕಡೆಗೇ ಹೊಡೆಯುತ್ತಾನೆ.

ಹಲಾಲ್ ಪ್ರಶ್ನೆಯನ್ನು ಕೇಳುವವರನ್ನು ಗದರಿಸಿದ ವೈದ್ಯರನ್ನು ನೋಡಿದ್ದೇನೆ. ಅದು ತಪ್ಪು. ಕೇಳುವುದು ಸರಿಯಾದ ಪ್ರಶ್ನೆಯನ್ನೇ. ಕೆಲವು ಲಸಿಕೆಗಳಲ್ಲಿ ಕೆಡದಂತೆ ಇಡಲು ಜೆಲಟಿನ್ ಬಳಸುತ್ತಾರೆ, ಅದು ಹಂದಿ ಮೂಲದ್ದಿರಬಹುದು. 1995ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಸೇರಿ ನಡೆಸಿದ ಕುವೈತ್ ಸಭೆಯಲ್ಲಿ ಧರ್ಮವಿದ್ವಾಂಸರು ಇದನ್ನು ಚರ್ಚಿಸಿ, ಮೂಲ ವಸ್ತು ಪೂರ್ತಿ ಬೇರೆಯದಾಗಿ ಮಾರ್ಪಟ್ಟರೆ ಅದು ಅಶುದ್ಧವಾಗಿ ಉಳಿಯುವುದಿಲ್ಲ ಎಂದರು. ಇಸ್ತಿಹಾಲಾ ಎನ್ನುವುದು ಇದನ್ನೇ. ಮೆನಿಂಜೈಟಿಸ್ ಲಸಿಕೆಯ ವಿಷಯದಲ್ಲೇ ಇಂಡೋನೇಷ್ಯಾದ ಧರ್ಮವಿದ್ವಾಂಸರ (ಉಲೆಮಾ) ಮಂಡಳಿ 2010ರಲ್ಲಿ ಎರಡು ಕಂಪನಿಗಳ ಲಸಿಕೆ ಹಲಾಲ್ ಎಂದೂ ಒಂದು ಕಂಪನಿಯದು ಅಲ್ಲ ಎಂದೂ ತೀರ್ಪು ಕೊಟ್ಟಿತು. ಅಂದರೆ ಹಲಾಲ್ ಆಗಿರುವ ಲಸಿಕೆ ಇದೆ ಎಂದಾಯಿತು. 2020ರ ಡಿಸೆಂಬರ್‌ನಲ್ಲಿ ಯುಎಇಯ ಫತ್ವಾ ಮಂಡಳಿ, ಕೊರೋನಾ ಲಸಿಕೆಯಲ್ಲಿ ಹಂದಿಯ ಜೆಲಟಿನ್ ಇದ್ದರೂ, ಬೇರೆ ದಾರಿಯಿಲ್ಲದಾಗ ಹಾಕಿಸಿಕೊಳ್ಳಬಹುದು ಎಂದಿತು. ಬಾಟಲಿಯ ಜೊತೆ ಬರುವ ಚೀಟಿಯನ್ನು ಕೇಳಿ ಪಡೆಯಿರಿ, ನಿಮ್ಮ ಪೇಶ್ ಇಮಾಮರಿಗೆ ತೋರಿಸಿ. ಓದಿ ಹೇಳಲು ನಾನು ಬರುತ್ತೇನೆ.

ಪೋಲಿಯೋ ಹನಿ ಹಾಕುವಾಗ "ನಾವೇನು ಮಕ್ಕಳಾ?" ಎಂದು ಗಡ್ಡ ಬೆಳ್ಳಗಾದವರು ನಗುತ್ತಾರೆ. ಭಾರತದಲ್ಲಿ ಸಹಜ (ವೈಲ್ಡ್) ಪೋಲಿಯೋ ವೈರಸ್ಸಿನ ಕೊನೆಯ ಪ್ರಕರಣ 2011ರ ಜನವರಿಯದು. ಆದರೆ ಅಫ್ಘಾನಿಸ್ತಾನ, ಪಾಕಿಸ್ತಾನಗಳಲ್ಲಿ ವೈರಸ್ ಇನ್ನೂ ಇದೆ, ಅಲ್ಲಿನವರೂ ಹಜ್‌ಗೆ ಬರುತ್ತಾರೆ. ಎರಡು ಹನಿ, ಮುಗಿಯಿತು. ರೋಜಾ, ಅಂದರೆ ಉಪವಾಸ, ಇದ್ದರೆ ಸಂಜೆ ಇಫ್ತಾರ್ ಆದಮೇಲೆ ಹಾಕಿಸಿಕೊಳ್ಳಿ. ಸೂಜಿಯಿಂದ ರೋಜಾ ಮುರಿಯುವುದಿಲ್ಲ ಎಂದು ಬಹಳ ವಿದ್ವಾಂಸರು ಹೇಳಿದ್ದಾರೆ.

ಫ್ಲೂ ಲಸಿಕೆಗೆ ಮೆನಿಂಜೈಟಿಸ್ ಲಸಿಕೆಯಷ್ಟು ಕಟ್ಟುನಿಟ್ಟಿಲ್ಲ, ಹಾಗಾಗಿ ಹೆಚ್ಚಿನವರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹಜ್‌ಗೆ ಹೋಗಿಬಂದವರ ಆ ಕೆಮ್ಮು ನಿಮಗೆಲ್ಲ ಗೊತ್ತು, ತಿಂಗಳಾದರೂ ಬಿಡುವುದಿಲ್ಲ. ಹಜ್ ಸಮಯದಲ್ಲಿ ಆಸ್ಪತ್ರೆ ಸೇರುವವರಲ್ಲಿ ನ್ಯುಮೋನಿಯಾ ದೊಡ್ಡ ಕಾರಣ. ಸಕ್ಕರೆ ಕಾಯಿಲೆ, ಹೃದಯದ ತೊಂದರೆ, ಉಬ್ಬಸ ಇದ್ದವರು, 65 ದಾಟಿದವರು ಹೊರಡುವ ಎರಡು ವಾರ ಮೊದಲಾದರೂ ಫ್ಲೂ ಲಸಿಕೆ ಹಾಕಿಸಿಕೊಳ್ಳಿ, ನ್ಯುಮೋನಿಯಾ ತರುವ ಒಂದು ಬ್ಯಾಕ್ಟೀರಿಯಾದ ವಿರುದ್ಧದ ನ್ಯುಮೊಕಾಕಲ್ ಲಸಿಕೆಯ ಬಗ್ಗೆಯೂ ನಿಮ್ಮ ಡಾಕ್ಟರನ್ನು ಕೇಳಿ. "ನನ್ನ ಮೈ ಗಟ್ಟಿ, ಹೊಲದಲ್ಲಿ ದುಡಿದ ಮೈ" ಎಂಬ ನಂಬಿಕೆ ಒಳ್ಳೆಯದೇ. ಆದರೆ ಆ ವರ್ಷದ ಫ್ಲೂ ವೈರಸ್ ನಿಮ್ಮ ಮೈಯನ್ನು ಮೊದಲ ಸಲ ನೋಡುತ್ತಿರುತ್ತದೆ.

ಇನ್ನೊಂದು ಮಾತು ಹೇಳದೆ ಹೋದರೆ ನನ್ನ ಮನಸ್ಸು ಒಪ್ಪುವುದಿಲ್ಲ. 2020ರ ಮಾರ್ಚ್, ಏಪ್ರಿಲ್‌ನಲ್ಲಿ ಒಂದು ವೈರಸ್ಸಿಗೆ ನಮ್ಮ ಧರ್ಮದ ಹೆಸರು ಅಂಟಿಸಿದರು. ತರಕಾರಿ ಗಾಡಿಯವನ ಹೆಸರು ಕೇಳಿ ವಾಪಸ್ ಕಳಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದೇ ವರ್ಷ ಆಗಸ್ಟಿನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ, ದೆಹಲಿಯ ತಬ್ಲೀಗಿ ಜಮಾತ್ ಸಭೆಗೆ ಬಂದಿದ್ದ ವಿದೇಶಿಯರ ಮೇಲಿನ ಕೇಸುಗಳನ್ನು ರದ್ದು ಮಾಡುತ್ತಾ, ಅವರನ್ನು ಬಲಿಪಶು ಮಾಡಿದಂತೆ ಕಾಣುತ್ತದೆ ಎಂದಿತು. ಆದರೆ ಆ ಗಾಯ ಕೋರ್ಟಿನ ಕಾಗದದಿಂದ ಮಾಯುವುದಿಲ್ಲ. ಅದಾದ ಮೇಲೆ ಆರೋಗ್ಯ ಇಲಾಖೆಯವರು ಬೀದಿಗೆ ಬಂದರೆ ಬಾಗಿಲು ಹಾಕಿಕೊಂಡ ಮನೆಗಳಿದ್ದವು. ನಾನು ಅವರನ್ನು ದೂರಲಾರೆ. ಅಂಥ ಬಾಗಿಲುಗಳ ಮುಂದೆ ನಮ್ಮ ಆಶಾ ಕಾರ್ಯಕರ್ತೆಯರು ಮತ್ತೆ ಮತ್ತೆ ಹೋಗಿ ನಿಂತರು, ಅದನ್ನೂ ಮರೆಯಲಾರೆ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಒಂಟೆಯ ಹಾಲಿನ ಬಗ್ಗೆ ಒಬ್ಬರು ಕೇಳಿದರು. 2012ರಲ್ಲಿ ಗೊತ್ತಾದ, ಉಸಿರಾಟದ ಕಾಯಿಲೆ ತರುವ ಮರ್ಸ್ ವೈರಸ್ ಒಂಟೆಗಳಲ್ಲಿರುತ್ತದೆ, ಅದಕ್ಕೆ ಲಸಿಕೆ ಇಲ್ಲ, ಹಸಿ ಹಾಲು ಕುಡಿಯಬೇಡಿ, ಒಂಟೆ ಫಾರ್ಮಿಗೆ ಹೋಗಬೇಡಿ ಎಂದೆ. ಹೆಂಗಸರ ಕಡೆಯಿಂದ ಮುಳಬಾಗಿಲಿನ ಒಬ್ಬ ಅಜ್ಜಿ ಎದ್ದು ನಿಂತರು. ಸೊಸೆ ಏಳು ತಿಂಗಳ ಬಸುರಿ, ಹಜ್‌ನಿಂದ ಬರುವಷ್ಟರಲ್ಲಿ ಹೆರಿಗೆ ಆಗಿರುತ್ತದೆ. ಹಾಜಿಯ ಕೈಯಿಂದ ಮಗುವಿಗೆ ತಹ್ನೀಕ್ ಮಾಡಿಸಬೇಕೆಂದು ಮನೆಯಲ್ಲಿ ಎಲ್ಲರೂ ಕಾಯುತ್ತಿದ್ದಾರೆ, ಖಜೂರವನ್ನು ಬಾಯಲ್ಲಿ ಅಗಿದು ಮಗುವಿನ ಬಾಯಿಯ ಅಂಗಳಕ್ಕೆ ಸವರುವುದು. "ಮಾಡಬಹುದಾ ಅಮ್ಮಾ?"

ನಾನು ಅಗಿದು ಕೊಡಬೇಡಿ ಎಂದೆ. ಹಾಜಿಯ ಬಾಯಿಂದ ಮಗುವಿನ ಬಾಯಿಗೆ ನೇರ ದಾರಿ ಅದು. ಮಾಡಲೇಬೇಕೆಂದಿದ್ದರೆ ಕೈ ಸೋಪಿನಲ್ಲಿ ತೊಳೆದು, ಖಜೂರವನ್ನು ಬೆರಳಲ್ಲೇ ನುಣ್ಣಗೆ ಅರೆದು ತುಸುವೇ ಸವರಿ, ಕೆಮ್ಮು ಪೂರ್ತಿ ನಿಂತ ಮೇಲೆ. ಜಮ್‌ಜಮ್ ಕುಡಿಯಲು ಬಂದವರಿಗೆಲ್ಲ ಒಂದೇ ಲೋಟ ಇಡಬೇಡಿ, ಬೇರೆ ಬೇರೆ ಕೊಡಿ. ಕೆಮ್ಮು ಇರುವಷ್ಟು ದಿನ ಮಗುವನ್ನು ಎತ್ತುವಾಗ ಮಾಸ್ಕ್ ಹಾಕಿಕೊಳ್ಳಿ. ಮನೆಯಲ್ಲಿ ಯಾರಿಗಾದರೂ ಜೋರು ಜ್ವರ ಬಂದು ಕತ್ತು ಬಿಗಿದರೆ, ಮೈಮೇಲೆ ಒತ್ತಿದರೂ ಮಾಸದ ಕೆಂಪು ಚುಕ್ಕೆ ಕಂಡರೆ, ಎಳೆ ಮಗು ಹಾಲು ಬಿಟ್ಟು ಮಂಕಾಗಿ ಮಲಗಿದರೆ, ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ. ಡಾಕ್ಟರಿಗೆ ಮೊದಲು ಹೇಳಬೇಕಾದದ್ದು "ಮನೆಯವರು ಹಜ್‌ನಿಂದ ಬಂದಿದ್ದಾರೆ" ಎಂಬ ಮಾತು.

ಅಜ್ಜಿ ತಮ್ಮ ಲಸಿಕೆ ಚೀಟಿ ತೆಗೆದು ತೋರಿಸಿದರು. ತಾರೀಖು ಇತ್ತು, ಮೊಹರಿತ್ತು, ಲಸಿಕೆಯ ಬಗೆ ಬರೆದಿರಲಿಲ್ಲ. ಬರೆಸಿಕೊಳ್ಳಲು ಇಬ್ಬರೂ ಕೂಡಿ ಪಕ್ಕದ ಕೋಣೆಗೆ ಹೋದೆವು.